ವಡಾಲದ ವಸತಿ: ಬಿಲ್ಡರರ ಪಾಲು, ನಗರಪಾಲಿಕೆಯ ಹೊಣೆ

ಮುಂಬಯಿಯ ಹಾರ್ಬರ್ ರೈಲುಮಾರ್ಗವು ಒಂದೆಡೆ ಅಂಧೇರಿಯ ಕಡೆಗೂ ಇನ್ನೊಂದೆಡೆ ಪನ್ವೇಲಿನ ಕಡೆಗೂ ಕವಲೊಡೆಯುವ ಸ್ಥಳ ವಡಾಲ. ನಿಲ್ದಾಣದ ಪಶ್ಚಿಮಕ್ಕೆ ಮರಗಳ ನೆರಳಿನ ಅಗಲವಾದ ರಸ್ತೆಗಳು, ಫೈವ್ ಗಾರ್ಡನ್ಸ್ ಎಂದು ಪ್ರಸಿದ್ಧವಾದ ಐದು ಉದ್ಯಾನಗಳು, ಶ್ರೀರಾಮ ಮಂದಿರ, ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿಯ ಶಾಲೆ ಇವೆ. ಪೂರ್ವಕ್ಕೆ ಹಳೆಯ ಉಪ್ಪಿನ ಗದ್ದೆಗಳ ನೆಲ, ಬಂದರಿನ ಗೋದಾಮುಗಳು, ಟ್ರಕ್ ಟರ್ಮಿನಲ್, ಜೋಪಡಿಗಳ ಸಾಲು, ಅವುಗಳ ನಡುವೆಯೇ ಮೇಲೆದ್ದ ಬಹುಮಹಡಿ ಗೋಪುರಗಳು. ಹಳಿಯ ಎರಡು ಬದಿಗಳೂ ನಗರ ಯೋಜನೆಯ ಫಲಗಳೇ. ಒಂದು ಬದಿಯಲ್ಲಿ ಯೋಜನೆ ಮೊದಲು ಬಂದಿತು, ಮನೆಗಳು ಆಮೇಲೆ ಬಂದವು. ಇನ್ನೊಂದು ಬದಿಯಲ್ಲಿ ಮನುಷ್ಯರು ಮೊದಲು ಬಂದು ನೆಲೆಸಿದರು, ಯೋಜನೆ ಅವರ ಬೆನ್ನಟ್ಟಿ ಬಂದಿತು.

1896ರಲ್ಲಿ ಮುಂಬಯಿಗೆ ಪ್ಲೇಗು ಬಡಿದಾಗ ಇಕ್ಕಟ್ಟಾದ ಚಾಳುಗಳೇ ರೋಗದ ಬೀಡೆಂಬ ತೀರ್ಮಾನಕ್ಕೆ ಬಂದ ಸರಕಾರವು 1898ರಲ್ಲಿ ಕಾನೂನೊಂದನ್ನು ಮಾಡಿ ನಗರ ಸುಧಾರಣಾ ಟ್ರಸ್ಟನ್ನು ಸ್ಥಾಪಿಸಿತು. ದಾದರ್, ಮಾಟುಂಗ, ವಡಾಲ, ಸಾಯನ್ ಪ್ರದೇಶಗಳ ಹೊಲಗದ್ದೆಗಳನ್ನು ಟ್ರಸ್ಟು ವಶಪಡಿಸಿಕೊಂಡು, ರಸ್ತೆ ಚರಂಡಿಗಳನ್ನು ಹಾಕಿ, ನಿವೇಶನಗಳನ್ನು ಗುತ್ತಿಗೆಗೆ ನೀಡಿತು. ಎಷ್ಟು ಜಾಗ ಬಿಡಬೇಕು, ಎಷ್ಟು ಎತ್ತರಕ್ಕೆ ಕಟ್ಟಬೇಕು ಎಂಬ ಷರತ್ತುಗಳು ಆ ಗುತ್ತಿಗೆಯ ಕರಾರಿನಲ್ಲಿಯೇ ಇದ್ದವು. ಹಳೆಯ ನಗರದಲ್ಲಿ ಮನೆ ಕಳೆದುಕೊಂಡ ಬಡವರಿಗೆ ಬದಲಿ ವಸತಿ ಒದಗಿಸುವುದೂ ಟ್ರಸ್ಟಿನ ಹೊಣೆಯಾಗಿತ್ತು. ಆದರೆ ಆರಂಭದ ವರ್ಷಗಳಲ್ಲಿ ಕೆಡವಿದ ಮನೆಗಳ ಸಂಖ್ಯೆಯನ್ನು ಕಟ್ಟಿದ ಮನೆಗಳು ಸರಿಗಟ್ಟಲಿಲ್ಲ. ಈ ಕೊರತೆಯ ಕಥೆ ನೂರು ವರ್ಷಗಳ ನಂತರವೂ ಬೇರೆ ಹೆಸರಿನಲ್ಲಿ ಮುಂದುವರಿದಿದೆ. 1933ರಲ್ಲಿ ಟ್ರಸ್ಟು ನಗರಪಾಲಿಕೆಯಲ್ಲಿ ಲೀನವಾಯಿತು. ಪಾಲಿಕೆಯ ಜಮೀನುಗಳ ಸ್ವಾಧೀನ, ಗುತ್ತಿಗೆ, ಬಾಡಿಗೆದಾರರಿರುವ ಪಾಲಿಕೆಯ ಕಟ್ಟಡಗಳ ಪುನರ್ನಿರ್ಮಾಣ ಮೊದಲಾದ ಪ್ರಸ್ತಾವಗಳನ್ನು ಪರಿಶೀಲಿಸುವ ಪಾಲಿಕೆಯ ಸುಧಾರಣಾ ಸಮಿತಿಯು ಇಂದಿಗೂ ಆ ಹಳೆಯ ಟ್ರಸ್ಟಿನ ಹೆಸರನ್ನು ಉಳಿಸಿಕೊಂಡಿದೆ.

ಪೂರ್ವ ಭಾಗದ ಚರಿತ್ರೆ ಬೇರೆ. ಅಲ್ಲಿಯ ಬಡಾವಣೆಗಳಲ್ಲಿ ಕೋಕರಿ ಆಗರ, ಕೋರ್ಬಾ ಮಿಠಾಗರ ಎಂಬ ಹೆಸರುಗಳು ಕೇಳಿಬರುತ್ತವೆ. ಉತ್ತರ ಕನ್ನಡದ ಸಾಣಿಕಟ್ಟೆಯ ಉಪ್ಪಿನ ಆಗರವನ್ನು ಬಲ್ಲ ಓದುಗರಿಗೆ ಈ ಹೆಸರುಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಪ್ಪು ಬೆಳೆಯುತ್ತಿದ್ದ ತಗ್ಗು ನೆಲ ಅದು. 1873ರಲ್ಲಿ ಸ್ಥಾಪಿತವಾದ ಪೋರ್ಟ್ ಟ್ರಸ್ಟು ಸಮುದ್ರದ ಅಂಚಿನ ನೆಲವನ್ನು ತುಂಬಿಸಿ ಗೋದಾಮುಗಳನ್ನು ಕಟ್ಟಿತು. ಹಡಗುಕಟ್ಟೆ, ಗೋದಾಮು, ಗಿರಣಿಗಳಿಗೆ ಕೈಯಾಳುಗಳು ಬೇಕಾಗಿದ್ದರು. ಅವರಿಗೆ ಮನೆ ಕಟ್ಟಿಸುವ ಹೊಣೆಯನ್ನು ಮಾತ್ರ ಯಾರೂ ಪೂರ್ಣವಾಗಿ ವಹಿಸಿಕೊಳ್ಳಲಿಲ್ಲ. ಹೀಗಾಗಿ ಕೇಂದ್ರ ಸರಕಾರದ, ರಾಜ್ಯ ಸರಕಾರದ, ಪಾಲಿಕೆಯ ಮತ್ತು ಖಾಸಗಿಯವರ ಜಮೀನುಗಳು ಒಂದರ ಪಕ್ಕ ಒಂದು ಇರುವ ಈ ಪ್ರದೇಶದಲ್ಲಿ ಜೋಪಡಿಗಳು ಹಬ್ಬಿದವು. 2011ರ ಜನಗಣತಿಯ ಪ್ರಕಾರ ಬೃಹನ್ಮುಂಬಯಿಯ 1.24 ಕೋಟಿ ಜನರಲ್ಲಿ ಸುಮಾರು ಶೇಕಡ 42ರಷ್ಟು ಮಂದಿ ಕೊಳೆಗೇರಿಗಳಲ್ಲಿದ್ದರು.

ಪಾಲು ಎಲ್ಲಿಂದ ಬರುತ್ತದೆ?

ಬಿಲ್ಡರರಿಂದ ಸಮಾಜಕ್ಕೆ ಬರಬೇಕಾದ ಪಾಲನ್ನು ಅರಿಯಲು ಎಫ್.ಎಸ್.ಐ. ಎಂಬ ಮೂರು ಅಕ್ಷರಗಳನ್ನು ಅರಿಯುವುದು ಅಗತ್ಯ. ನಿವೇಶನದ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ಕಟ್ಟಡ ಕಟ್ಟಬಹುದೆಂಬ ಪ್ರಮಾಣವೇ ಇದು. 1,000 ಚದರ ಮೀಟರ್ ನೆಲಕ್ಕೆ ಎಫ್.ಎಸ್.ಐ. 1 ಇದ್ದರೆ 1,000 ಚ.ಮೀ. ಕಟ್ಟಬಹುದು; 3 ಆದರೆ 3,000 ಚ.ಮೀ. ನೆಲ ಬೆಳೆಯಲಿಲ್ಲ, ಅದರ ಬೆಲೆ ಬೆಳೆಯಿತು. ಹೀಗೆ ಹೆಚ್ಚಿದ ಬೆಲೆಗೆ ಕಾರಣ ಮಾಲೀಕನ ದುಡಿಮೆಯಲ್ಲ, ಸರಕಾರದ ಒಂದು ಅಧಿಸೂಚನೆ. ಹೆಚ್ಚುವರಿ ಕಟ್ಟಡದ ನೀರು, ಚರಂಡಿ, ರಸ್ತೆ, ಶಾಲೆಗಳ ಭಾರವನ್ನು ಹೊರುವುದೂ ಸಾರ್ವಜನಿಕ ಸಂಸ್ಥೆಯೇ. ಆದುದರಿಂದ ಆ ಬೆಲೆಯ ಒಂದಂಶವನ್ನು ಮನೆಯ ರೂಪದಲ್ಲಿಯೋ ನೆಲದ ರೂಪದಲ್ಲಿಯೋ ಹಣದ ರೂಪದಲ್ಲಿಯೋ ಮರಳಿ ಪಡೆಯುವುದು ನ್ಯಾಯ. ಬಿಲ್ಡರರು ‘ಉಚಿತವಾಗಿ’ ಕಟ್ಟಿಕೊಡುವ ಮನೆಗಳೆಂಬ ಮಾತು ಮುಂಬಯಿಯಲ್ಲಿ ರೂಢಿಯಲ್ಲಿದೆಯಾದರೂ ಅದು ಸರಿಯಾದ ಮಾತಲ್ಲ. ಆ ಮನೆಗಳ ಬೆಲೆಯನ್ನು ಎಫ್.ಎಸ್.ಐ. ರೂಪದಲ್ಲಿ ನಗರವು ಮೊದಲೇ ತೆತ್ತಿರುತ್ತದೆ.

ಈ ಪಾಲನ್ನು ಪಡೆಯುವ ಹಾದಿಗಳು ಹಲವು. 1991ರ ಅಭಿವೃದ್ಧಿ ನಿಯಂತ್ರಣ ನಿಯಮಗಳು, ಶಾಲೆ, ಮಾರುಕಟ್ಟೆ, ಔಷಧಾಲಯಗಳಿಗೆ ಕಾದಿರಿಸಿದ ನೆಲದಲ್ಲಿ ಮಾಲೀಕನೇ ಆ ಸೌಲಭ್ಯವನ್ನು ಕಟ್ಟಿ ಪಾಲಿಕೆಗೆ ಒಪ್ಪಿಸಿ, ಉಳಿದ ಕಟ್ಟಡವನ್ನು ತನಗಾಗಿ ಬಳಸಿಕೊಳ್ಳಲು ಅವಕಾಶವಿತ್ತವು. 1992ರಲ್ಲಿ ಮಹಾರಾಷ್ಟ್ರದ 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾನೂನಿಗೆ ತಿದ್ದುಪಡಿಯಾಗಿ ಅಭಿವೃದ್ಧಿ ಶುಲ್ಕ ಬಂದಿತು. 2012ರ ಜನವರಿಯಲ್ಲಿ, ಶೇಕಡ 35ರವರೆಗಿನ ಹೆಚ್ಚುವರಿ ಕಟ್ಟಡಕ್ಕೆ ಪ್ರೀಮಿಯಂ ತೆರಬೇಕೆಂಬ ನಿಯಮವಾಯಿತು. ಕೋವಿಡ್ ಕಾಲದ ಮುಗ್ಗಟ್ಟಿನಲ್ಲಿ, 2021ರ ವರ್ಷಕ್ಕೆ ಸೀಮಿತವಾಗಿ, ರಾಜ್ಯ ಸರಕಾರವು ಪ್ರೀಮಿಯಂಗಳನ್ನು ಅರ್ಧಕ್ಕೆ ಇಳಿಸಿತು. ಪಾಲಿಕೆಯ ಬೊಕ್ಕಸಕ್ಕೆ ಬರುವ ಆದಾಯವು ರಾಜ್ಯ ಮಂತ್ರಿಮಂಡಲದ ಒಂದು ನಿರ್ಣಯದಿಂದ ಹೇಗೆ ಏರಿಳಿಯುತ್ತದೆಂಬುದಕ್ಕೆ ಇದೊಂದು ನಿದರ್ಶನ.

ವಡಾಲದ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹಾದಿ ಕೊಳೆಗೇರಿ ಪುನರ್ವಸತಿ ಯೋಜನೆ. ಡಿ. ಕೆ. ಅಫ್ಜುಲ್‌ಪುರಕರ್ ಸಮಿತಿಯ ವರದಿಯನ್ನು ಅನುಸರಿಸಿ 1995ರ ಡಿಸೆಂಬರಿನಲ್ಲಿ ಕೊಳೆಗೇರಿ ಪುನರ್ವಸತಿ ಪ್ರಾಧಿಕಾರ, ಅಂದರೆ ಎಸ್.ಆರ್.ಎ., ಅಸ್ತಿತ್ವಕ್ಕೆ ಬಂದಿತು. ಅರ್ಹ ಕುಟುಂಬಕ್ಕೆ ಮೊದಲು 225 ಚದರ ಅಡಿ, 2008ರಿಂದ 269 ಚದರ ಅಡಿ, 2018ರ ಹೊಸ ನಿಯಮಗಳಲ್ಲಿ 300 ಚದರ ಅಡಿಯ ಮನೆ ಎಂದು ನಿಗದಿಯಾಯಿತು. ಬಿಲ್ಡರನು ಈ ಮನೆಗಳನ್ನು ಕಟ್ಟಿಕೊಟ್ಟು, ಪ್ರತಿಯಾಗಿ ಮಾರಾಟಕ್ಕೆ ಕಟ್ಟಡ ಕಟ್ಟಬಹುದು. ಆರಂಭದ ನಿಯಮದಂತೆ ವಡಾಲ ಸೇರಿದ ದ್ವೀಪನಗರದಲ್ಲಿ ಪುನರ್ವಸತಿಯ ಪ್ರತಿ 10 ಚ.ಮೀ.ಗೆ ಮಾರಾಟದ 7.5 ಚ.ಮೀ., ಉಪನಗರಗಳಲ್ಲಿ 10 ಚ.ಮೀ. ದೊರೆಯುತ್ತಿತ್ತು. ದ್ವೀಪನಗರದಲ್ಲಿ ನೆಲದ ಬೆಲೆ ಹೆಚ್ಚಾದ್ದರಿಂದ ಪ್ರೋತ್ಸಾಹ ಕಡಿಮೆ ಸಾಕೆಂಬುದು ತರ್ಕ. ನೂರು ಮನೆಗಳಿಗೊಂದರಂತೆ ಬಾಲವಾಡಿ, ಕಲ್ಯಾಣಕೇಂದ್ರ ಮತ್ತು ಸೊಸೈಟಿಯ ಕಚೇರಿಯನ್ನೂ ಕಟ್ಟಿಕೊಡಬೇಕು. ಹೆಕ್ಟೇರಿಗೆ ನಿಗದಿಯಾದ ಕನಿಷ್ಠ ಸಂಖ್ಯೆಗಿಂತ ಅರ್ಹ ಕುಟುಂಬಗಳು ಕಡಿಮೆಯಿದ್ದಲ್ಲಿ ಉಳಿದ ಮನೆಗಳನ್ನು ಪ್ರಾಧಿಕಾರಕ್ಕೆ ಒಪ್ಪಿಸಬೇಕು. ರಸ್ತೆ, ರೈಲು ಮೊದಲಾದ ಕಾಮಗಾರಿಗಳಿಂದ ಮನೆ ಕಳೆದುಕೊಂಡವರಿಗೆ ಅವು ಸಲ್ಲುತ್ತವೆ.

ನಿರ್ವಹಣೆಗೆಂದು ಬಿಲ್ಡರನು ಮನೆಯೊಂದಕ್ಕೆ ಮೊದಲು 20,000 ರೂಪಾಯಿ, ಮುಂದಿನ ನಿಯಮಗಳಂತೆ 40,000 ರೂಪಾಯಿ ಠೇವಣಿ ಇಡಬೇಕಾಗಿತ್ತು. ಇದರ ಬಡ್ಡಿಯಿಂದ ಕಟ್ಟಡದ ಖರ್ಚು ನಡೆಯಬೇಕೆಂಬುದು ಉದ್ದೇಶ. ಶೇಕಡ 6ರ ಬಡ್ಡಿಯೆಂದು ಹಿಡಿದರೆ 40,000 ರೂಪಾಯಿಗೆ ತಿಂಗಳಿಗೆ 200 ರೂಪಾಯಿ ಬರುತ್ತದೆ. ಇಪ್ಪತ್ತು ಮಹಡಿಯ ಕಟ್ಟಡದ ಲಿಫ್ಟು, ನೀರೆತ್ತುವ ಪಂಪು, ದೀಪ, ಗುಡಿಸುವವರ ಸಂಬಳ ಈ 200ರಲ್ಲಿ ಎಷ್ಟು ನಡೆದೀತೆಂಬುದನ್ನು ಯಾವ ಗೃಹಿಣಿಯಾದರೂ ಹೇಳಬಲ್ಲಳು. ಬಿಲ್ಡರನ ಪಾಲು ಮನೆಯ ಬೀಗದ ಕೈ ಕೊಟ್ಟ ದಿನಕ್ಕೆ ಮುಗಿಯುವಂತೆ ನಿಯಮಗಳು ರಚಿತವಾಗಿವೆ. ವಾಸದ ಖರ್ಚು ಆ ದಿನದಿಂದ ಆರಂಭವಾಗುತ್ತದೆ.

ಕೇಳುವವರು ಯಾರು?

ಸಂವಿಧಾನದ 74ನೆಯ ತಿದ್ದುಪಡಿಯು 1993ರ ಜೂನ್ 1ರಂದು ಜಾರಿಗೆ ಬಂದಿತು. ಆ ತಿದ್ದುಪಡಿಯಿಂದ ಸೇರಿದ 12ನೆಯ ಅನುಸೂಚಿಯಲ್ಲಿ ನಗರ ಯೋಜನೆ, ಭೂಬಳಕೆಯ ನಿಯಂತ್ರಣ, ಕೊಳೆಗೇರಿಗಳ ಸುಧಾರಣೆ ಇವು ನಗರ ಸಂಸ್ಥೆಗಳಿಗೆ ವಹಿಸಬಹುದಾದ ವಿಷಯಗಳೆಂದು ಕಾಣಿಸಲ್ಪಟ್ಟಿವೆ. ವಹಿಸಬಹುದು ಎಂಬ ಮಾತೇ ಇಲ್ಲಿ ಗಮನಾರ್ಹ. ಎಷ್ಟು ವಹಿಸಬೇಕೆಂಬ ನಿರ್ಣಯ ರಾಜ್ಯ ಶಾಸನಸಭೆಯದು. ತಿದ್ದುಪಡಿ ಬಂದ ಎರಡೂವರೆ ವರ್ಷಗಳಲ್ಲಿಯೇ ಮುಂಬಯಿಯ ಕೊಳೆಗೇರಿಗಳ ಮೇಲಿನ ಯೋಜನಾಧಿಕಾರವು ಪಾಲಿಕೆಯಿಂದ ಹೊರಗೆ, ಮುಖ್ಯಮಂತ್ರಿಗಳು ಅಧ್ಯಕ್ಷರಾಗಿರುವ ಎಸ್.ಆರ್.ಎ.ಗೆ ಹೋಯಿತು.

ವಡಾಲವು ಪಾಲಿಕೆಯ ಎಫ್-ಉತ್ತರ ವಾರ್ಡಿಗೆ ಸೇರಿದೆ. ಇದರ ಕಚೇರಿ ಮಾಟುಂಗದ ಭಾವು ದಾಜಿ ರಸ್ತೆಯಲ್ಲಿದೆ. ತನ್ನ ಗಲ್ಲಿಯಲ್ಲಿ ಏಳುತ್ತಿರುವ ಕಟ್ಟಡದ ಬಗ್ಗೆ ವಿಚಾರಿಸಲು ನಾಗರಿಕನು ಅಲ್ಲಿಗೆ ಹೋದರೆ, ಉತ್ತರವು ಆ ಕಟ್ಟಡ ನಿಂತ ನೆಲವನ್ನು ಅವಲಂಬಿಸುತ್ತದೆ. ಸಾಮಾನ್ಯ ಖಾಸಗಿ ನಿವೇಶನವಾದರೆ ಅನುಮತಿ ಪಾಲಿಕೆಯ ಕಟ್ಟಡ ಪ್ರಸ್ತಾವ ವಿಭಾಗದ್ದು. ಕೊಳೆಗೇರಿ ಯೋಜನೆಯಾದರೆ ಎಸ್.ಆರ್.ಎ.ಯದು. ಮ್ಹಾಡಾ ಬಡಾವಣೆಯಾದರೆ ಮ್ಹಾಡಾದ್ದು. ಟ್ರಕ್ ಟರ್ಮಿನಲ್ಲಿನ ಪ್ರದೇಶವಾದರೆ ಎಂ.ಎಂ.ಆರ್.ಡಿ.ಎ.ಯದು. ಬಂದರಿನ ನೆಲವಾದರೆ ಕೇಂದ್ರ ಸರಕಾರದ ಅಧೀನದ ಬಂದರು ಪ್ರಾಧಿಕಾರದ್ದು. ಆದರೆ ಐದೂ ಕಟ್ಟಡಗಳ ಕಸವನ್ನು ಎತ್ತುವ ಕೆಲಸ, ನೀರು ಕೊಡುವ ಕೆಲಸ ಪಾಲಿಕೆಯದೇ. ದೂರು ಬರುವುದೂ ವಾರ್ಡಿನ ನಗರಸೇವಕನ ಬಾಗಿಲಿಗೇ.

2010ರಲ್ಲಿ ಎಂ.ಎಂ.ಆರ್.ಡಿ.ಎ. ವಡಾಲದ ಟ್ರಕ್ ಟರ್ಮಿನಲ್ ಪ್ರದೇಶದ ದೊಡ್ಡದೊಂದು ನಿವೇಶನವನ್ನು ಖಾಸಗಿ ನಿರ್ಮಾಣಸಂಸ್ಥೆಗೆ 4,053 ಕೋಟಿ ರೂಪಾಯಿಗೆ ಗುತ್ತಿಗೆ ಕೊಟ್ಟಿತು. ಅಂದಿನ ದೇಶದ ಅತಿ ದೊಡ್ಡ ಭೂವ್ಯವಹಾರಗಳಲ್ಲಿ ಇದೂ ಒಂದೆಂದು ಸುದ್ದಿಯಾಯಿತು. ಪ್ರಾಧಿಕಾರವು ಇಡೀ ಮಹಾನಗರ ಪ್ರದೇಶದ ರಸ್ತೆ, ಮೇಲುಸೇತುವೆ, ರೈಲುಗಳಂತಹ ಕಾಮಗಾರಿಗಳಿಗೆ ಹಣ ಕೂಡಿಸುವುದು ಇಂತಹ ನೆಲದ ವ್ಯವಹಾರಗಳಿಂದಲೇ. ಚೆಂಬೂರಿನಿಂದ ವಡಾಲಕ್ಕೆ 2014ರಲ್ಲಿ ಮೊನೊರೈಲು ಓಡಿಸಿದ್ದೂ ಅದೇ ಪ್ರಾಧಿಕಾರ. ಅದರ ಉದ್ದೇಶವನ್ನು ತಪ್ಪೆನ್ನುವಂತಿಲ್ಲ. ಆದರೂ ನೆಲ ವಡಾಲದ್ದಾಗಿ, ಅದರ ಬೆಲೆ ವಡಾಲದ ಬಡವರ ಮನೆಗೆ ಎಷ್ಟು ತಿರುಗಿತೆಂದು ಕೇಳುವ ಅಧಿಕಾರ ವಡಾಲದಿಂದ ಚುನಾಯಿತನಾದ ನಗರಸೇವಕನಿಗೆ ಇರಲಿಲ್ಲ. ಅಭಿವೃದ್ಧಿ ಶುಲ್ಕದ ವಿಷಯದಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ. ಆ ಹಣ ಸಾರ್ವಜನಿಕ ಸೌಲಭ್ಯಗಳಿಗೆ ವಿನಿಯೋಗವಾಗಬೇಕು, ಸರಿ. ವಸೂಲಾದ ವಾರ್ಡಿನಲ್ಲಿಯೇ ಆಗಬೇಕೆಂಬ ಕಟ್ಟುಪಾಡು ಇಲ್ಲ.

ಇನ್ನು ಕೆಲವು ಕಾಲ ನಗರಸೇವಕರೇ ಇರಲಿಲ್ಲ. 2017ರಲ್ಲಿ ಚುನಾಯಿತವಾದ 227 ಸದಸ್ಯರ ಸಭೆಯ ಅವಧಿ 2022ರ ಮಾರ್ಚ್ 7ಕ್ಕೆ ಮುಗಿದು ಆಡಳಿತಾಧಿಕಾರಿಯ ಕೈಗೆ ಪಾಲಿಕೆ ಹೋಯಿತು. 2026ರ ಜನವರಿಯಲ್ಲಿ ಚುನಾವಣೆ ನಡೆಯುವವರೆಗೆ, ಸುಮಾರು ನಾಲ್ಕು ವರ್ಷ, ಸುಧಾರಣಾ ಸಮಿತಿಯೂ ಸ್ಥಾಯೀ ಸಮಿತಿಯೂ ಕೂಡಲಿಲ್ಲ. ಆ ಸಮಿತಿಗಳ ಅಧಿಕಾರವನ್ನು ಅಧಿಕಾರಿಗಳೇ ಚಲಾಯಿಸಿದರು.

ಮೂರು ಕಾಗದಗಳು

ಹೀಗಿದ್ದರೂ ಸ್ಥಳೀಯ ಸಂಸ್ಥೆಯ ಕೈ ಸಂಪೂರ್ಣ ಬರಿದಾಗಿಲ್ಲ. ಕೊಳೆಗೇರಿ ಯೋಜನೆಯೊಂದು ಮೂರು ಕಾಗದಗಳ ಮೇಲೆ ನಿಲ್ಲುತ್ತದೆ. ಅವುಗಳಲ್ಲಿ ಮೊದಲನೆಯದು ‘ಅನೆಕ್ಷರ್ ಎರಡು’ ಎಂದು ಜನರ ಬಾಯಲ್ಲಿ ನೆಲೆಗೊಂಡಿರುವ ಅರ್ಹರ ಪಟ್ಟಿ. ನೆಲ ಪಾಲಿಕೆಯದಾದರೆ ಇದನ್ನು ಪಾಲಿಕೆಯೂ, ರಾಜ್ಯ ಸರಕಾರದ್ದಾದರೆ ಜಿಲ್ಲಾಧಿಕಾರಿಯ ಕಚೇರಿಯೂ ಸಿದ್ಧಪಡಿಸುತ್ತವೆ. 1995ರ ಜನವರಿ 1 ಎಂಬ ಗಡುವು ಮುಂದೆ 2000ದ ಜನವರಿ 1ಕ್ಕೆ ಸರಿಯಿತು. ಆ ಬಳಿಕ 2011ರ ಜನವರಿ 1ರವರೆಗೆ ಬಂದವರಿಗೆ ಹಣ ತೆತ್ತು ಮನೆ ಪಡೆಯುವ ಅವಕಾಶ ದೊರೆತು, 2023ರಲ್ಲಿ ಆ ಬೆಲೆ 2.5 ಲಕ್ಷ ರೂಪಾಯಿಯೆಂದು ನಿಶ್ಚಯವಾಯಿತು. ಒಂದು ರೇಷನ್ ಕಾರ್ಡು, ಒಂದು ವಿದ್ಯುತ್ ಬಿಲ್ಲು, ಮತದಾರರ ಪಟ್ಟಿಯಲ್ಲಿನ ಒಂದು ಸಾಲು ಇಲ್ಲಿ ಕುಟುಂಬದ ಭವಿಷ್ಯವನ್ನು ನಿರ್ಧರಿಸುತ್ತವೆ. ಮಾಳಿಗೆಯ ಖೋಲಿಯಲ್ಲಿ ಬಾಡಿಗೆಗಿದ್ದು ಇಪ್ಪತ್ತು ವರ್ಷ ಕಳೆದವರೂ ಪಟ್ಟಿಯ ಹೊರಗೆ ಉಳಿಯುತ್ತಾರೆ. ಎಷ್ಟು ಮನೆ ಕಟ್ಟಬೇಕು, ಅದಕ್ಕೆ ಪ್ರತಿಯಾಗಿ ಮಾರಾಟಕ್ಕೆ ಎಷ್ಟು ಸಿಗುತ್ತದೆ ಎಂಬ ಲೆಕ್ಕವೂ ಈ ಪಟ್ಟಿಯಿಂದಲೇ ಹೊರಡುವುದರಿಂದ ಒಂದು ಸುಳ್ಳು ಹೆಸರು ಸೇರುವುದೂ ಒಂದು ನಿಜವಾದ ಹೆಸರು ಬಿಡುವುದೂ ಸಮನಾದ ನಷ್ಟ.

ಎರಡನೆಯದು ಕಾಮಗಾರಿ ಪ್ರಾರಂಭದ ಪತ್ರ. ಪುನರ್ವಸತಿ ಕಟ್ಟಡ ಮೇಲೇರಿದ ಪ್ರಮಾಣಕ್ಕೆ ತಕ್ಕಂತೆ ಮಾತ್ರ ಮಾರಾಟದ ಕಟ್ಟಡಕ್ಕೆ ಇದನ್ನು ಹಂತಹಂತವಾಗಿ ನೀಡಬೇಕು. ಮೂರನೆಯದಾದ ಸ್ವಾಧೀನಾನುಭವ ಪತ್ರ, ಮುಂಬಯಿಯಲ್ಲಿ ಎಲ್ಲರೂ ಓ.ಸಿ. ಎನ್ನುವುದು, ಪುನರ್ವಸತಿ ಮುಗಿಯದೆ ಮಾರಾಟದ ಭಾಗಕ್ಕೆ ಸಲ್ಲದು. ಬಿಲ್ಡರನಿಗೆ ಲಾಭವಿರುವುದು ಮಾರಾಟದಲ್ಲಿಯೇ ಆದ್ದರಿಂದ ಈ ಎರಡು ಪತ್ರಗಳೇ ಸರಕಾರದ ಕೈಯಲ್ಲಿರುವ ಲಗಾಮು. ಲಗಾಮು ಸಡಿಲವಾದರೆ ಏನಾಗುತ್ತದೆಂದು ಹೇಳಲು ಊಹೆ ಬೇಕಿಲ್ಲ. ಹಳೆಯ ಜೋಪಡಿ ಕೆಡವಿದ ದಿನದಿಂದ ಕುಟುಂಬವು ಟ್ರಾನ್ಸಿಟ್ ಕ್ಯಾಂಪಿನಲ್ಲಿಯೋ ಬಿಲ್ಡರನು ಕೊಡುವ ಬಾಡಿಗೆಯ ಆಧಾರದ ಮೇಲೆ ಬೇರೆ ಖೋಲಿಯಲ್ಲಿಯೋ ಇರುತ್ತದೆ. ಬಾಡಿಗೆಯ ಚೆಕ್ಕು ನಿಂತರೆ ಹಳೆಯ ಮನೆಯೂ ಇಲ್ಲ, ಹೊಸದೂ ಇಲ್ಲ. ಮಕ್ಕಳ ಶಾಲೆ ಬದಲಾಗುತ್ತದೆ, ಮನೆಗೆಲಸಕ್ಕೆ ಹೋಗುವ ಹೆಂಗಸಿಗೆ ಗಿರಾಕಿಗಳು ತಪ್ಪುತ್ತಾರೆ. ಅರ್ಹರ ಪಟ್ಟಿಯಲ್ಲಿದ್ದ ಹಿರಿಯರು ಮನೆ ಕಾಣದೆಯೇ ತೀರಿಹೋಗಿ ವಾರಸುದಾರರ ಹೊಸ ಅರ್ಜಿ ಶುರುವಾಗುತ್ತದೆ. ಇಂತಹ ದೂರುಗಳು ರಾಶಿಯಾದ ಮೇಲೆ, 2023ರಲ್ಲಿ ಎಸ್.ಆರ್.ಎ. ಎರಡು ವರ್ಷಗಳ ಬಾಡಿಗೆಯನ್ನು ಮುಂಗಡವಾಗಿ ಠೇವಣಿ ಇಡಬೇಕೆಂದು ಬಿಲ್ಡರರಿಗೆ ಆದೇಶಿಸಿತು.

ವಿಳಂಬವು ಎಲ್ಲಿಯವರೆಗೆ ಹೋಗಬಲ್ಲುದೆಂಬುದಕ್ಕೆ ಬೋರಿವಲಿಯ ಪ್ರಕರಣವೊಂದು ದಾಖಲೆಯಾಗಿದೆ. 2003ರಲ್ಲಿ ಬಿಲ್ಡರನಿಗೆ ವಹಿಸಿದ ಯೋಜನೆ ಸುಮಾರು ಎರಡು ದಶಕ ಕಳೆದರೂ ಮುಂದುವರಿಯದೆ, 2021ರಲ್ಲಿ ಉನ್ನತ ದೂರು ಪರಿಹಾರ ಸಮಿತಿಯು ಆ ಬಿಲ್ಡರನನ್ನು ತೆಗೆದುಹಾಕಿತು. 2024ರ ಜುಲೈ 30ರಂದು ಸರ್ವೋಚ್ಚ ನ್ಯಾಯಾಲಯವು ಆ ಕ್ರಮವನ್ನು ಎತ್ತಿಹಿಡಿದುದಲ್ಲದೆ, 1971ರ ಕೊಳೆಗೇರಿ ಕಾನೂನಿನಡಿ ಸಾವಿರಕ್ಕೂ ಮೀರಿದ ಮೊಕದ್ದಮೆಗಳು ಉಳಿದಿರುವುದನ್ನು ಗಮನಿಸಿ, ಆ ಕಾನೂನಿನ ಕಾರ್ಯನಿರ್ವಹಣೆಯನ್ನೇ ಪರಿಶೀಲಿಸಬೇಕೆಂದು ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಸೂಚಿಸಿತು. ಒಂದು ಕಾನೂನು ಹೇಗೆ ನಡೆಯುತ್ತಿದೆಯೆಂದು ನ್ಯಾಯಾಲಯವೇ ತಪಾಸಣೆ ಮಾಡಬೇಕಾಗಿ ಬಂದದ್ದು ಅಪರೂಪ.

ಒಪ್ಪಿಸುವಿಕೆಯ ಹಂತದಲ್ಲಿಯೂ ಸೋರಿಕೆಯುಂಟು. ದ್ವೀಪನಗರದ ಹಳೆಯ ಬಾಡಿಗೆ ಕಟ್ಟಡಗಳಿಂದ 1969ರಿಂದ ದುರಸ್ತಿ ಸೆಸ್ ವಸೂಲಾಗುತ್ತಿದೆ. ಆಗ ಅಂತಹ ಕಟ್ಟಡಗಳ ಸಂಖ್ಯೆ 19,642 ಇದ್ದಿತು. ಅವುಗಳ ಪುನರ್ನಿರ್ಮಾಣದಲ್ಲಿ ಬಾಡಿಗೆದಾರರಿಗೆ ಕೊಟ್ಟು ಮಿಗುವ ನಿರ್ದಿಷ್ಟ ಭಾಗವನ್ನು ಬಿಲ್ಡರನು ಮ್ಹಾಡಾಗೆ ಕೊಡಬೇಕು. ಇದನ್ನು ಕೊಡದೆ ಉಳಿಸಿಕೊಂಡ ವಿಷಯ ಮುಂಬಯಿ ಉಚ್ಚ ನ್ಯಾಯಾಲಯದವರೆಗೂ ಹೋಗಿತ್ತು. ಮ್ಹಾಡಾದ ಮನೆಗಳಿಗೆ ಎಷ್ಟು ಹಸಿವಿದೆಯೆಂಬುದನ್ನು ಅದರ ಲಾಟರಿಗಳೇ ತೋರಿಸುತ್ತವೆ. 2024ರಲ್ಲಿ ಆಂಟಾಪ್ ಹಿಲ್-ವಡಾಲವೂ ಸೇರಿ ಮುಂಬಯಿ ಮಂಡಳಿ ಲಾಟರಿಗಿಟ್ಟದ್ದು 2,030 ಮನೆಗಳು. ಅರ್ಜಿ ಹಾಕಿದವರು ಲಕ್ಷಕ್ಕೂ ಮೇಲೆ.

ಲೆಕ್ಕ ಒಪ್ಪಿಸುವ ರೀತಿ

2007ರ ರಾಷ್ಟ್ರೀಯ ನಗರ ವಸತಿ ನೀತಿಯು ಹೊಸ ವಸತಿ ಯೋಜನೆಗಳಲ್ಲಿ ಶೇಕಡ 10ರಿಂದ 15ರಷ್ಟು ನೆಲ ಅಥವಾ ಶೇಕಡ 20ರಿಂದ 25ರಷ್ಟು ಎಫ್.ಎಸ್.ಐ. ಬಡವರಿಗೂ ಅಲ್ಪ ಆದಾಯದವರಿಗೂ ಮೀಸಲಾಗಬೇಕೆಂದಿತು. ಮಹಾರಾಷ್ಟ್ರವು 2013ರಲ್ಲಿ ದೊಡ್ಡ ನಗರಗಳಿಗೆ ಶೇಕಡ 20ರ ನಿಯಮವನ್ನು ಮಾಡಿತು. ಠಾಣೆ, ಪುಣೆ ಮೊದಲಾದ ಕಡೆಗಳ ಮ್ಹಾಡಾ ಲಾಟರಿಗಳಲ್ಲಿ ಈ ನಿಯಮದಿಂದ ದೊರೆತ ಮನೆಗಳು ಬರುತ್ತಿವೆ. ಕರ್ನಾಟಕದಲ್ಲಿ ಖಾಸಗಿ ಬಡಾವಣೆ ಮಾಡುವವರು ರಸ್ತೆ ಮತ್ತು ಉದ್ಯಾನದ ನೆಲವನ್ನು ಬಿಟ್ಟುಕೊಡಬೇಕು; 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ 18-ಎ ಪ್ರಕರಣದಡಿ ವಸೂಲಾಗುವ ಸೆಸ್ಸುಗಳಲ್ಲಿ ಕೊಳೆಗೇರಿ ಸುಧಾರಣೆಯ ಸೆಸ್ಸೂ ಒಂದು.

ಇಂಗ್ಲೆಂಡಿನಲ್ಲಿ 1990ರ ಯೋಜನಾ ಕಾನೂನಿನ 106ನೆಯ ಪ್ರಕರಣದಡಿ ಸ್ಥಳೀಯ ಕೌನ್ಸಿಲ್ ಮತ್ತು ಬಿಲ್ಡರನ ನಡುವೆ ಕರಾರಾಗಿ, ಕಡಿಮೆ ಬೆಲೆಯ ಮನೆಗಳ ಸಂಖ್ಯೆ ಅದರಲ್ಲಿ ನಮೂದಾಗುತ್ತದೆ. ಲಾಭ ಸಾಲದೆಂದು ಲೆಕ್ಕ ತೋರಿಸಿ ಆ ಸಂಖ್ಯೆಯನ್ನು ಇಳಿಸಿಕೊಳ್ಳುವ ಬಿಲ್ಡರರು ಅಲ್ಲಿಯೂ ಇದ್ದಾರೆ. ಆದರೆ 2019ರ ನಿಯಮಗಳ ನಂತರ, ಇಂತಹ ಪಾಲು ಪಡೆಯುವ ಪ್ರತಿಯೊಂದು ಕೌನ್ಸಿಲ್ಲೂ ವರ್ಷಕ್ಕೊಮ್ಮೆ ಡಿಸೆಂಬರ್ 31ರೊಳಗೆ, ಎಷ್ಟು ಒಪ್ಪಂದವಾಯಿತು, ಎಷ್ಟು ಬಂದಿತು, ಎಷ್ಟು ಖರ್ಚಾಯಿತು, ಎಷ್ಟು ಉಳಿದಿದೆ ಎಂಬ ಲೆಕ್ಕವನ್ನು ಪ್ರಕಟಿಸಲೇಬೇಕು. ಎಫ್-ಉತ್ತರದಂತಹ ವಾರ್ಡಿಗೆ ಪಾಲಿಕೆ, ಎಸ್.ಆರ್.ಎ., ಮ್ಹಾಡಾ, ಎಂ.ಎಂ.ಆರ್.ಡಿ.ಎ., ಬಂದರು ಪ್ರಾಧಿಕಾರ ಐವರೂ ಸೇರಿ ಇಂತಹ ಒಂದೇ ಲೆಕ್ಕವನ್ನು ವಾರ್ಡಿನ ಸಮಿತಿಯ ಮುಂದೆ ಇಡುವುದಕ್ಕೆ ಸಂವಿಧಾನದ ತಿದ್ದುಪಡಿಯೇನೂ ಬೇಕಿಲ್ಲ, ಸರಕಾರದ ಒಂದು ಆದೇಶ ಸಾಕು.

ಅಂತಹ ಲೆಕ್ಕ ಬರುವವರೆಗೆ ಕಾಗದಗಳನ್ನು ಒಂದೊಂದಾಗಿ ಕೂಡಿಸಬೇಕಾಗುತ್ತದೆ. 2005ರ ಮಾಹಿತಿ ಹಕ್ಕು ಕಾನೂನಿನಡಿ ಎಸ್.ಆರ್.ಎ.ಯಿಂದ ಆಶಯಪತ್ರ, ಅರ್ಹರ ಪಟ್ಟಿ, ಪ್ರಾರಂಭ ಪತ್ರದ ಹಂತಗಳು ಮತ್ತು ಬಾಡಿಗೆ ಠೇವಣಿಯ ವಿವರಗಳನ್ನು ಯಾವ ನಾಗರಿಕನೂ ಕೇಳಬಹುದು. ಮಾರಾಟದ ಕಟ್ಟಡವು 2017ರ ಮೇ 1ರಿಂದ ಕಾರ್ಯಾರಂಭ ಮಾಡಿದ ಮಹಾರೇರಾದಲ್ಲಿ ನೋಂದಣಿಯಾಗಿದ್ದರೆ, ಅದರ ಮಂಜೂರಾದ ನಕ್ಷೆ ಮತ್ತು ಮುಗಿಸಬೇಕಾದ ದಿನಾಂಕ ಅಲ್ಲಿ ದೊರೆಯುತ್ತವೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಮಾರಾಟದ ಗೋಪುರ ಎಷ್ಟನೆಯ ಮಹಡಿಯಲ್ಲಿದೆ, ಪುನರ್ವಸತಿಯ ಕಟ್ಟಡ ಎಷ್ಟನೆಯದರಲ್ಲಿದೆ ಎಂಬುದು ತಿಳಿಯುತ್ತದೆ. ಬಿಲ್ಡರನು ತಪ್ಪಿದಲ್ಲಿ ಕೊಳೆಗೇರಿ ಕಾನೂನಿನ 13(2) ಪ್ರಕರಣದಂತೆ ಅವನನ್ನು ಬದಲಿಸಬೇಕೆಂದು ನಿವಾಸಿಗಳ ಸೊಸೈಟಿಯು ಪ್ರಾಧಿಕಾರದ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು.